ಹಳೇ ಛತ್ರದಲ್ಲಿ ಮನೆ ಕೊಡ್ತೇವೆ ಅಂದರೆ ಮೊದಲು ಅಟ್ಟ ಹತ್ತಿ ನೋಡಿ

ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಮೂರು ತಿಂಗಳಿಂದ ಹೊರಗಿನವರಿಗೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನಮ್ಮ ಸಂಬಂಧಿಕರೊಬ್ಬರು ಫೋನ್ ಮಾಡಿ, "ನೀವು ತಗೊಂಡ ಹಾಗೇ ನಾವೂ ಒಂದು ತಗೊಳ್ಳುವ ಅಂತ, ಅದೇ ಜನದ ಹತ್ತಿರ" ಅಂದರು. ನನಗೆ ಎದೆ ಧಸಕ್ಕೆಂದಿತು. ಅದಕ್ಕೇ ಬರೆಯುತ್ತಿದ್ದೇನೆ.

ಉಡುಪಿಯಿಂದ ಮಂಗಳೂರಿಗೆ ಬರುವ ಹಳೇ ದಾರಿಯಲ್ಲಿ ಹೊಳೆ ಬದಿಯ ಒಂದು ಊರು. ಸೇತುವೆ ಆಗುವ ಮೊದಲು ಅಲ್ಲಿ ದೋಣಿ ಕಡವು ಇತ್ತು. ರಾತ್ರಿ ದೋಣಿ ಸಿಗದವರು ಉಳಿಯಲಿ ಅಂತ ಕಟ್ಟಿದ ಛತ್ರ. ಸುತ್ತು ಪೌಳಿ, ನಡುವೆ ಅಂಗಳ, ಎದುರಿಗೆ ಉದ್ದದ ಜಗಲಿ, ಮುರಕಲ್ಲಿನ ದಪ್ಪ ಗೋಡೆ, ಹಿಂದೆ ಬಾವಿ. ಅದನ್ನು ಎಂಟು ಮನೆ ಮಾಡಿ ಮಾರುತ್ತಿದ್ದರು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರಲ್ಲ, ಅದನ್ನು ನೋಡಿದ ದಿನದಿಂದ ನನಗೆ ಅಂಥದ್ದೊಂದು ಮನೆಯ ಆಸೆ.

ಮನೆ ತೋರಿಸುವ ದಿನ ಅದನ್ನು ಮಾರುವ ಮನುಷ್ಯ ಜಗಲಿಯ ಮಾಡಿನಿಂದ ಒಂದು ಹಂಚು ತೆಗೆದು ನನ್ನ ಕೈಗೆ ಕೊಟ್ಟರು. ಅಡಿಯಲ್ಲಿ ಬಾಸೆಲ್ ಮಿಷನ್ ಅಂತ ಅಚ್ಚು, ಪಕ್ಕದಲ್ಲಿ 1865. "ನೋಡಿ ಸರ್, ನೂರೈವತ್ತು ವರ್ಷ ದಾಟಿದ ಕಟ್ಟಡ. ಇಂಥದ್ದು ಇನ್ನು ಸಿಗುದಿಲ್ಲ." ನಾನು ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ. ಮೂವತ್ತನಾಲ್ಕು ಲಕ್ಷ. ಅದರಲ್ಲಿ ಅರ್ಧ ಅಪ್ಪ ರಿಟೈರ್ ಆದಾಗ ಬಂದ ದುಡ್ಡು.

ಮೇ ತಿಂಗಳಲ್ಲಿ ಒಕ್ಕಲಾಯಿತು. ಜೂನ್ ಎರಡನೇ ವಾರ ಮಳೆ ಹಿಡಿಯಿತು. ನಾಲ್ಕನೇ ದಿನ ಅಮ್ಮ ಕರೆದು, "ಎಂತ ಮಗಾ, ಈ ಗೋಡೆ ಬೆವರುದು?" ಅಂದರು. ಕೈ ಇಟ್ಟರೆ ಒದ್ದೆ. ಪೇಂಟ್ ಗುಳ್ಳೆ ಎದ್ದು ಉದುರುತ್ತಿತ್ತು. ಮುರಕಲ್ಲು ನೀರು ಕುಡಿಯುತ್ತದೆ. ಹಿಂದಿನವರು ಸುಣ್ಣದ ಗಾರೆ ಹಾಕುತ್ತಿದ್ದುದು ಅದಕ್ಕೇ. ಕುಡಿದ ನೀರು ಮೆಲ್ಲಗೆ ಹೊರಗೆ ಹೋಗುತ್ತದೆ. ಇವರು ಆ ಗಾರೆಯನ್ನು ಕೆತ್ತಿ ತೆಗೆದು ಸಿಮೆಂಟ್ ಬಳಿದು ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದಾರೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ! ಫೋನ್ ಮಾಡಿದೆ. ಉತ್ತರ: "ಹಳೇ ಗೋಡೆ ಅಲ್ವಾ ಸರ್, ಉಸಿರಾಡ್ತದೆ. ಫ್ಯಾನ್ ಹಾಕಿ." ನಿಜ ಹೇಳ್ತೇನೆ, ಅವತ್ತು ನಾನು ಫ್ಯಾನ್ ಹಾಕಿದೆ.

ಆಮೇಲೆ ಮಲಗುವ ಕೋಣೆಯ ಮುಚ್ಚಿಗೆಯಿಂದ ನೀರು ತೊಟ್ಟಿಕ್ಕಲು ಶುರು. ಹಂಚು ಸರಿ ಮಾಡುವ ಹಿರಿಯರೊಬ್ಬರನ್ನು ಕರೆದೆ. ಅವರ ಹಿಂದೆ ನಾನೂ ಏಣಿ ಹತ್ತಿ, ಮುಚ್ಚಿಗೆಯ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟೆ. ಅಲ್ಲಿ ಗೋಡೆಯೇ ಇಲ್ಲ! ಮನೆ ಮನೆ ನಡುವಿನ ಗೋಡೆ ಮುಚ್ಚಿಗೆಯವರೆಗೆ ಮಾತ್ರ ಬಂದು ನಿಂತಿದೆ. ಅದರ ಮೇಲೆ ಆ ತುದಿಯಿಂದ ಈ ತುದಿವರೆಗೆ ಒಂದೇ ಅಟ್ಟ. ಪಕ್ಕದ ಮನೆಯ ಸಂದಿನಿಂದ ಅವರ ಬಲ್ಬಿನ ಬೆಳಕು, ಅದರಾಚೆ ಇನ್ನೊಬ್ಬರದು, ಅವರು ಒಗ್ಗರಣೆ ಹಾಕಿದ ವಾಸನೆ, ಯಾರದೋ ಮಗು ಅಳುವುದು, ಎಲ್ಲ ಅಲ್ಲೇ. ಯಾರು ಬೇಕಾದರೂ ಒಂದು ಮನೆಯಿಂದ ಹತ್ತಿ ಇನ್ನೊಂದು ಮನೆಗೆ ಇಳಿಯಬಹುದು. ನನ್ನ ಕೈಕಾಲು ತಣ್ಣಗಾಯಿತು. ನಾನು ಕೊಂಡದ್ದು ಮನೆ ಅಲ್ಲ, ಛತ್ರದ ಒಂದು ಕೋಣೆ.

ಆಗಲೇ ಆ ಹಿರಿಯರ ಹತ್ತಿರ ಹಂಚಿನ ವಿಷಯ ತೆಗೆದೆ. ಅವರು ಪಾಪ, ಸಹಜವಾಗಿ ಹೇಳಿದರು: "ಆ 1865 ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ ಮಾರಾಯ್ರೆ. ಆಮೇಲೆ ಸುಟ್ಟ ಹಂಚಿಗೂ ಅದೇ ಅಚ್ಚು. ನಮ್ಮ ಹಟ್ಟಿಯ ಮಾಡಿನಲ್ಲೂ ಉಂಟು." ಕಟ್ಟಡದ ವಯಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಫೋಟೋ ಇನ್ನೂ ಎಲ್ಲರ ಮೊಬೈಲಿನಲ್ಲಿದೆ.

ಆ ರಾತ್ರಿ ಮತ್ತೆ ಫೋನ್ ಮಾಡಿದೆ. "ಮಾಡು ಕಾಮನ್ ಸರ್, ಎಂಟು ಮನೆಯವರು ಸೇರಿ ಮಾಡಿಸ್ಬೇಕು." ನಡುಗೋಡೆ? "ಹಳೇ ಶೈಲಿ ಹಾಳು ಮಾಡ್ಬಾರ್ದು ಅಂತ ಎತ್ತಲಿಲ್ಲ." ನೀವು ಮೊದಲೇ ಹೇಳಲಿಲ್ಲವಲ್ಲ? "ನೀವು ಕೇಳ್ಲಿಲ್ಲ." ಹೀಗೇ ಹೇಳಿದರು. ಕೇಳ್ಲಿಲ್ಲ ಅಂತ. ಆಮೇಲೆ ನಾನು ಮಾಡಿದ ಯಾವ ಫೋನೂ ಎತ್ತಲಿಲ್ಲ.

ಕಾಗದ ಬಿಡಿಸಿ ನೋಡಿದರೆ ಇನ್ನೂ ಉಂಟು. ರಿಜಿಸ್ಟರ್ ಆದದ್ದು ಇಡೀ ಜಾಗದ ಎಂಟರಲ್ಲಿ ಒಂದು ಪಾಲು ಮಾತ್ರ. ಪಂಚಾಯತಿನ 9/11, ಅಂದರೆ ಆಸ್ತಿ ಯಾರದು ಅಂತ ತೋರಿಸುವ ನಮೂನೆ 9 ಮತ್ತು 11ರ ಕಾಗದ, ಇಡೀ ಕಟ್ಟಡಕ್ಕೆ ಒಂದೇ, ಮನೆ ನಂಬರೂ ಒಂದೇ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಮಾಡು, ಅಂಗಳ, ಬಾವಿ ಯಾರದು, ಎಷ್ಟೆಷ್ಟು ಪಾಲು ಅಂತ ಘೋಷಣಾ ಪತ್ರ ಬರೆದು ನೋಂದಾಯಿಸಬೇಕು. ಅದು ಇಲ್ಲವೇ ಇಲ್ಲ. ಎಂಟೇ ಮನೆ ಯಾಕೆ ಅಂತಲೂ ಈಗ ಗೊತ್ತಾಯಿತು. ಎಂಟು ದಾಟದಿದ್ದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಡ. ಹಾಗಾಗಿ ದೂರು ಕೊಡಲು ಅಲ್ಲಿಗೂ ಹೋಗುವ ಹಾಗಿಲ್ಲ ಅಂದರು ವಕೀಲರು. ಈಗ ಗ್ರಾಹಕರ ಆಯೋಗಕ್ಕೆ ಹೋಗುವ ತಯಾರಿಯಲ್ಲಿದ್ದೇವೆ. ಎಂಟರಲ್ಲಿ ಐದು ಮನೆಯವರು ಒಟ್ಟಿಗಿದ್ದೇವೆ. ಉಳಿದ ಮೂವರು ಹೆದರಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ.

ದಯವಿಟ್ಟು ಬೇಸಿಗೆಯಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ. ಜುಲೈಯಲ್ಲಿ ಹೋಗಿ, ಗೋಡೆ ಮುಟ್ಟಿ ನೋಡಿ. ನಿಮ್ಮ ಮನೆಯ ಹೆಸರಿಗೇ 9/11 ಕೇಳಿ, ಎಂಟರಲ್ಲಿ ಒಂದು ಪಾಲು ಅಂದರೆ ಎದ್ದು ಬನ್ನಿ. ಏಣಿ ಕೇಳಿ, ಅಟ್ಟ ಹತ್ತಿ. ಹಂಚು ತೋರಿಸಿದರೆ ನಂಬಲೇಬೇಡಿ.

ಅಪ್ಪ ಇದುವರೆಗೆ ಒಂದು ಮಾತೂ ಬೈದಿಲ್ಲ. ಮಳೆ ಜೋರಾದಾಗ ಸುಮ್ನೆ ಎದ್ದು ಹೋಗಿ ಕೊಡಪಾನವನ್ನು ಸೋರುವ ಜಾಗಕ್ಕೆ ಸರಿಸಿ ಇಡುತ್ತಾರೆ.