ಆರಾಮ್ ನಗರದ ಸೆಲ್ಫ್ ಟೇಪ್ ಕೋಣೆ: ಎದುರಿನ ಪಾತ್ರದ ಮಾತು ಓದುವವರು ಯಾರೆಂದು ಮೊದಲು ಕೇಳಿ

ಮುಂಬಯಿಯಲ್ಲಿ ಸಿನಿಮಾ, ಧಾರಾವಾಹಿ ಮತ್ತು ಜಾಹೀರಾತುಗಳಿಗೆ ನಟರನ್ನು ಆರಿಸುವ ಕಚೇರಿಗಳಲ್ಲಿ ಹಲವು ಅಂಧೇರಿ ಪಶ್ಚಿಮದ ವರ್ಸೋವಾ ಬಳಿಯ ಆರಾಮ್ ನಗರದಲ್ಲಿವೆ. ಮೊದಲೆಲ್ಲ ಅಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದು, ಒಳಗೆ ಕಾಲಿಡುವ ಮುನ್ನವೇ ‘ನಾಟ್ ಫಿಟ್’ ಎನ್ನಿಸಿಕೊಂಡು ಮರಳಬೇಕಾಗುತ್ತಿತ್ತು; ಕೋವಿಡ್ ನಂತರ ಆಯ್ಕೆಯ ಮೊದಲ ಸುತ್ತು ಬಹುಮಟ್ಟಿಗೆ ನಾವೇ ಚಿತ್ರೀಕರಿಸಿ ಕಳುಹಿಸುವ ಸೆಲ್ಫ್ ಟೇಪ್‌ನಲ್ಲೇ ಮುಗಿಯುತ್ತದೆ. ಅಂಥ ಟೇಪ್ ಮಾಡಿಕೊಡುವ ಅಲ್ಲಿನ ಒಂದು ಕೋಣೆಗೆ ನಾನು ಮೂರು ಸಲ ಹೋಗಿದ್ದೇನೆ.

ಬೂದು ಬಣ್ಣದ ಪರದೆ, ಎರಡು ದೀಪ, ಒಂದು ಕ್ಯಾಮೆರಾ, ಕಾಲರ್ ಮೈಕು. ಗಂಟೆಗೆ 600 ರೂಪಾಯಿ. ಹೆಸರು, ವಯಸ್ಸು, ಎತ್ತರ, ಊರು ಹೇಳಿ, ಎಡಕ್ಕೂ ಬಲಕ್ಕೂ ತಿರುಗಿ ಮುಖ ತೋರಿಸುವ ಪರಿಚಯದ ಭಾಗವನ್ನು ಇಲ್ಲಿ ಅಚ್ಚುಕಟ್ಟಾಗಿ ತೆಗೆಯುತ್ತಾರೆ. ಈ ಹಣ ಚಿತ್ರೀಕರಣಕ್ಕೆ ಮಾತ್ರ, ಪಾತ್ರ ಕೊಡಿಸುವುದಕ್ಕಲ್ಲ ಎಂದು ಮೊದಲೇ ಹೇಳಿದ್ದು ನನಗೆ ಹಿಡಿಸಿತು. ನಟರನ್ನು ಆರಿಸುವ ಕಾಸ್ಟಿಂಗ್ ನಿರ್ದೇಶಕರಿಗೆ ಸಂಭಾವನೆ ಕೊಡಬೇಕಾದವರು ನಿರ್ಮಾಪಕರು; ಪಾತ್ರದ ಹೆಸರಿನಲ್ಲಿ ನಟರಿಂದ ಹಣ ಕೇಳುವವರನ್ನು ನಂಬಲೇಬಾರದು.

ನಾನು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ರಂಗದ ಮೇಲೆ ಕನ್ನಡ ನಾಟಕಗಳನ್ನು ಆಡುತ್ತ ಬಂದವನು. ನಮ್ಮ ತಂಡದಲ್ಲಿ ವಾರಗಟ್ಟಲೆ ನಾಟಕದ ಓದು ನಡೆಯುತ್ತದೆ, ಎಲ್ಲರೂ ಎಲ್ಲ ಪಾತ್ರಗಳನ್ನೂ ಓದುತ್ತಾರೆ, ಯಾವ ಮಾತು ಯಾರ ಬಾಯಲ್ಲಿ ಕೂರುತ್ತದೆ ಎಂದು ನೋಡಿದ ಮೇಲಷ್ಟೇ ನಿರ್ದೇಶಕರು ಪಾತ್ರ ಹಂಚುತ್ತಾರೆ. ಟೇಪ್‌ನಲ್ಲಿ ಎರಡೇ ನಿಮಿಷ. ಆ ಎರಡು ನಿಮಿಷ ನಮ್ಮೆದುರಿನ ಪಾತ್ರವಾಗಿ ಮಾತನಾಡುವ, ಆದರೆ ಚಿತ್ರದಲ್ಲಿ ಕಾಣಿಸದ ವ್ಯಕ್ತಿಯೇ ನಮಗಿರುವ ಏಕೈಕ ಆಸರೆ. ಎರಡನೆಯ ಸಲ ದೀಪ ಹೊಂದಿಸುವ ಹುಡುಗನೇ ಆ ಮಾತುಗಳನ್ನು ದಿನಸಿ ಪಟ್ಟಿಯಂತೆ ಗಡಿಬಿಡಿಯಲ್ಲಿ ಓದಿಬಿಟ್ಟ. ಮಗನ ಸಾವಿನ ಸುದ್ದಿ ಕೇಳುವ ತಂದೆಯ ಪಾತ್ರದಲ್ಲಿ ನನಗೆ ಕೇಳಿಸಿಕೊಳ್ಳುವುದಕ್ಕೇ ಏನೂ ಇರಲಿಲ್ಲ. ಮತ್ತೊಮ್ಮೆ ಓದಲು ಕೇಳಿದಾಗ ಸಮಯ ಮುಗಿಯಿತು ಎಂದರು. ಇದು ಸಣ್ಣ ಲೋಪವಲ್ಲ.

ಮೂರನೆಯ ಸಲ ಓದಿದವರು ರಂಗಭೂಮಿಯಿಂದ ಬಂದ ಒಬ್ಬ ಯುವತಿ. ನನ್ನ ದೃಷ್ಟಿ ಕ್ಯಾಮೆರಾದಿಂದ ದೂರ ಸರಿಯದಂತೆ ಅವರು ಲೆನ್ಸಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ನನ್ನ ಧ್ವನಿಯನ್ನು ಮೀರದ ಹಾಗೆ ಮೆಲ್ಲಗೆ, ಆದರೆ ಭಾವ ಬಿಡದೆ ಓದಿದರು. ಪಾತ್ರ ಹಿಂದಿ ಧಾರಾವಾಹಿಯ ಒಬ್ಬ ಉಡುಪಿ ಹೋಟೆಲ್ ಮಾಲೀಕನದು. ‘ಸೌತ್ ಇಂಡಿಯನ್ ಉಚ್ಚಾರಣೆ ಬೇಕು’ ಎಂದು ಸೂಚನೆಯಲ್ಲಿತ್ತು. ನಾನು ಪದಗಳನ್ನು ಎಳೆದೆಳೆದು, ಪ್ರತಿ ಸಾಲಿಗೂ ‘ಅಯ್ಯೋ’ ಸೇರಿಸತೊಡಗಿದೆ. ಅವರು ಟೇಪ್ ನಿಲ್ಲಿಸಿ, “ಅಂಕಲ್, ತರಕಾರಿಯವನ ಹತ್ತಿರ ನೀವು ದಿನಾ ಮಾತಾಡುವ ಹಿಂದಿಯಲ್ಲೇ ಹೇಳಿ” ಎಂದು ಹಿಂದಿಯಲ್ಲಿ ಹೇಳಿದರು. ನಲವತ್ತು ವರ್ಷ ಈ ನಗರದಲ್ಲಿ ಗಲ್ಲಾದ ಮೇಲೆ ಕುಳಿತ ಕನ್ನಡಿಗನ ಹಿಂದಿ ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೂ ಪರದೆಯ ಮೇಲೆ ನೋಡಿದ ಅಣಕವನ್ನೇ ನಾನೂ ಮಾಡುತ್ತಿದ್ದೆ. ಆ ಟೇಪ್‌ನಿಂದ ನನಗೆ ವೇಷ ಹಾಕಿಸಿ ನೋಡುವ ಲುಕ್ ಟೆಸ್ಟ್‌ವರೆಗೆ ಕರೆ ಬಂತು. ಪಾತ್ರ ಕೊನೆಗೆ ಬೇರೊಬ್ಬರಿಗೆ ಹೋಯಿತು.

ವರ್ಸೋವಾ ಮೆಟ್ರೋ ನಿಲ್ದಾಣದಿಂದ ರಿಕ್ಷಾದಲ್ಲಿ ಹೋಗಬಹುದು. ಸಂಜೆಯ ಹೊತ್ತು ಗಲ್ಲಿಯ ಹಾರ್ನ್ ಸದ್ದು ಮೈಕಿಗೆ ಬೀಳುವುದರಿಂದ ಬೆಳಗಿನ ಸಮಯವೇ ಒಳ್ಳೆಯದು. ಕಾಯ್ದಿರಿಸುವಾಗಲೇ ಓದುವವರು ಯಾರೆಂದು ಕೇಳಿ, ಆ ಯುವತಿ ಇಲ್ಲದ ದಿನವಾದರೆ ನಿಮ್ಮ ತಂಡದ ಗೆಳೆಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅದಕ್ಕೆ ಅಲ್ಲಿ ಅಡ್ಡಿಯಿಲ್ಲ.