ಅಡುಗೆಮನೆ ಮೇಲಿನ ಹಾಲ್‌ನಲ್ಲಿರುವ ದೋಣಿಯನ್ನೇ ಯಾಕೆ ತಗೊಂಡೆವು

ನಾವು ತಗೊಂಡದ್ದು ಸುಮಾರು 40 ಅಡಿಯ ಹಳೆ ಕ್ಯಾಟಮರಾನ್, ಅಂದರೆ ಎರಡು ಹಲ್ (ನೀರಲ್ಲಿ ತೇಲುವ ಒಡಲು) ಜೋಡಿಸಿದ ಹಾಯಿದೋಣಿ. ಅಡುಗೆಮನೆ, ಎರಡೂ ಹಲ್‌ಗಳ ನಡುವೆ ಮೇಲಿರುವ ಹಾಲ್‌ನಲ್ಲೇ ಇದೆ. ಇವತ್ತು ಯಾರು ಕೇಳಿದರೂ ಅಂಥದ್ದೇ ತಗೊಳ್ಳಿ ಅನ್ನುತ್ತೇನೆ.

ನಮ್ಮ ಮನೆಯವರು ಹಡಗಿನಲ್ಲಿ ಎಂಜಿನಿಯರ್. ಮಕ್ಕಳು ಹೈಸ್ಕೂಲ್ ಸೇರುವ ಮೊದಲು ಸ್ವಲ್ಪ ಕಾಲ ಸಮುದ್ರದ ಮೇಲೆ ಸಂಸಾರ ಮಾಡೋಣ ಅಂತ ಧಾರವಾಡದ ಸಪ್ತಾಪುರದಲ್ಲಿದ್ದ ಸೈಟ್ ಮಾರಿದೆವು. ನಮಗೆ ಹತ್ತಿರದ ಸಮುದ್ರ ಕಾರವಾರ, ಆದರೆ ಇಂಥ ದೋಣಿ ನಿಲ್ಲಿಸಲು ಅಲ್ಲಿ ಮರೀನಾ, ಅಂದರೆ ಹಾಯಿದೋಣಿಗಳ ತಂಗುದಾಣ, ಇಲ್ಲ. ಮಲೇಷ್ಯಾದ ಲಂಕಾವಿ ಸುಂಕವಿಲ್ಲದ ದ್ವೀಪ, ಹಳೆ ದೋಣಿಗಳು ಅಲ್ಲಿ ಮಾರಾಟಕ್ಕೆ ಬರುತ್ತವೆ. ಹಾಗಾಗಿ ಅತ್ತೆಯನ್ನೂ ಕರಕೊಂಡು ಅಲ್ಲಿಗೇ ಹೋಗಿ, ಬೇರೆ ಬೇರೆ ತರಹದ ದೋಣಿಗಳನ್ನು ಸ್ಕಿಪ್ಪರ್ (ದೋಣಿ ನಡೆಸುವವರು) ಸಮೇತ ಬಾಡಿಗೆಗೆ ಹಿಡಿದು, ಅದರಲ್ಲೇ ಉಂಡು ಮಲಗಿ ನೋಡಿದೆವು.

ಒಂಟಿ ಹಲ್‌ನ ದೋಣಿ ದುಡ್ಡಿನಲ್ಲಿ ಗೆಲ್ಲುತ್ತದೆ. ಅದೇ ಉದ್ದದ ಕ್ಯಾಟಮರಾನ್‌ಗೆ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ. ಒಂಟಿ ಹಲ್‌ನದಕ್ಕೆ ಕೆಳಗೆ ಭಾರದ ಕೀಲ್ (ತಳದಿಂದ ನೀರಿಗಿಳಿದ ರೆಕ್ಕೆ) ಇರುವುದರಿಂದ ಮಗುಚಿದರೂ ಮತ್ತೆ ಎದ್ದು ನಿಲ್ಲುತ್ತದೆ, ಆ ಧೈರ್ಯ ಕ್ಯಾಟಮರಾನ್‌ನಲ್ಲಿ ಇಲ್ಲ. ಆದರೆ ಗಾಳಿಗೆ ಎದುರಾಗಿ ಹೋಗುವಾಗ ಇಡೀ ಮನೆ 20 ಡಿಗ್ರಿ ವಾಲಿರುತ್ತದೆ. ಅತ್ತೆಗೆ ಮೊಣಕಾಲು ನೋವು. ಕೆಳಗಿಳಿಯುವ ಕಡಿದಾದ ಮೆಟ್ಟಿಲು ನೋಡಿಯೇ ಅವರು ಬೇಡ ಅಂದರು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ಹಗುರವಾದ, ವೇಗದ ಕ್ಯಾಟಮರಾನ್. ಕೀಲ್ ಬದಲು ಮೇಲೆಳೆಯಲು ಬರುವ, ಡ್ಯಾಗರ್‌ಬೋರ್ಡ್ ಅನ್ನುವ ಹಲಗೆಗಳು. ಗಾಳಿಗೆ ಎಷ್ಟು ಚೆನ್ನಾಗಿ ಎದುರು ಹೋಗುತ್ತದೆ ಅಂದರೆ ನಮ್ಮ ಮನೆಯವರಿಗೆ ಅದರ ಮೇಲೆಯೇ ಮನಸ್ಸು ಕೂತಿತ್ತು. ನನ್ನ ತಕರಾರು ಒಂದೇ, ಅಡುಗೆಮನೆ. ಅದು ಕೆಳಗೆ, ಎಡಗಡೆಯ ಹಲ್‌ನೊಳಗೆ ಇತ್ತು.

ನೋಡಲು ಚೆನ್ನಾಗಿಯೇ ಇರುತ್ತದೆ. ಉದ್ದನೆಯ ಕಟ್ಟೆ, ಸಾಮಾನಿಡಲು ಜಾಸ್ತಿ ಜಾಗ, ಮೇಲಿನ ಹಾಲ್ ಪೂರ್ತಿ ಖಾಲಿ. ಲಂಗರು ಹಾಕಿ ಚಹಾ ಕಾಸಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ನಾನು ಮಾಡಲು ಹೋದದ್ದು ಜೋಳದ ರೊಟ್ಟಿ, ಅದೂ ದೋಣಿ ಓಡುತ್ತಿರುವಾಗ. ಹಿಟ್ಟಿಗೆ ಕುದಿಯುವ ನೀರು ಹಾಕಬೇಕು. ನಾದಿ, ಪರಾತದಲ್ಲಿ ಎರಡೂ ಕೈಯಿಂದ ಬಡಿಯಬೇಕು. ಒಂದು ಕೈಯಲ್ಲಿ ಏನನ್ನಾದರೂ ಹಿಡಕೊಂಡು ರೊಟ್ಟಿ ಬಡಿಯಲು ಆಗುವುದಿಲ್ಲ. ಹಂಚು ಚೆನ್ನಾಗಿ ಕಾಯಬೇಕು, ಅಂದರೆ ಒಲೆ ಜೋರಾಗಿ ಉರಿಯುತ್ತಲೇ ಇರಬೇಕು. ಆ ಇಕ್ಕಟ್ಟಿನಲ್ಲಿ ಇದ್ದದ್ದು ಒಂದೇ ಚಿಕ್ಕ ಕಿಟಕಿ. ಅಲೆ ಎರಚುತ್ತದೆ ಅಂತ ಅದನ್ನೂ ಮುಚ್ಚಿದ್ದರು. ಹೊರಗೆ ಸಮುದ್ರ-ಆಕಾಶ ಸೇರುವ ಗೆರೆ ಕಣ್ಣಿಗೆ ಬೀಳದೆ, ಬೆವರು ಇಳಿಯುತ್ತಾ, ಬಗ್ಗಿ ನಿಂತರೆ ಹೊಟ್ಟೆ ತೊಳಸದೆ ಇರುತ್ತದಾ? ಕ್ಯಾಟಮರಾನ್ ವಾಲುವುದಿಲ್ಲ ನಿಜ, ಆದರೆ ಅದರ ಅಲುಗಾಟ ಚಿಕ್ಕದು, ಚುರುಕು, ಜರ್ಕ್ ಹೊಡೆದಂತೆ. ಎರಡು ರೊಟ್ಟಿ ಹಂಚಿಗೆ ಬೀಳುವ ಮೊದಲೇ ಮಡಿಚಿಕೊಂಡವು.

ಅದಕ್ಕಿಂತ ದೊಡ್ಡ ಚಿಂತೆ, ಮಕ್ಕಳು ಕಾಣುವುದಿಲ್ಲ. ಅವರು ಹಿಂದೆ ಕಾಕ್‌ಪಿಟ್‌ನಲ್ಲಿ (ಹಿಂಭಾಗದ ತೆರೆದ ಕೂರುವ ಜಾಗ), ನಾನು ಗೋಡೆ ನೋಡುತ್ತಾ ಕೆಳಗೆ. ಲೈಫ್ ಜಾಕೆಟ್ ಹಾಕಿದ್ದಾರೋ ತೆಗೆದರೋ ಅಂತ ಮೂರು ಮೆಟ್ಟಿಲು ಹತ್ತಿ ನೋಡುವುದೇ ಕೆಲಸ. ಕೊನೆಗೆ ಅತ್ತೆ ಮೇಲಿಂದಲೇ ಕೂಗಿದರು, “ನೀ ಒಬ್ಬಾಕಿನ ಕೆಳಗ ಯಾಕ ಬೆವರ್ತಿ? ಮ್ಯಾಲ ಬಾ. ಖಡಕ್ ರೊಟ್ಟಿ ಐತಿ, ಶೇಂಗಾ ಚಟ್ನಿ ಐತಿ, ಅಷ್ಟ ಉಂಡ್ರಾತು.”

ಗ್ಯಾಸ್ ವಿಷಯ ನಮ್ಮ ಮನೆಯವರಿಗೂ ನಾಟಿತು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹಲ್‌ನ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನ ಹಾಲ್‌ನಲ್ಲಿ ಒಲೆ ಇದ್ದರೆ ಪೂರ್ತಿ ನಿಶ್ಚಿಂತೆ ಅಂತಲ್ಲ, ಕೆಲಸ ಮುಗಿದ ಮೇಲೆ ಸಿಲಿಂಡರ್ ವಾಲ್ವ್ ಬಂದ್ ಮಾಡಲೇಬೇಕು. ಆದರೆ ಪಕ್ಕದಲ್ಲೇ ದೊಡ್ಡ ಬಾಗಿಲು ತೆರೆದಿರುತ್ತದೆ.

ಇನ್ನು ಭಾರ. ಹಗುರ ದೋಣಿಗೆ ಸಾಮಾನು ತುಂಬಿದರೆ ಅದರ ವೇಗವೇ ಹೋಗುತ್ತದೆ. ಜೋಳದ ಹಿಟ್ಟು, ಬೇಳೆ, ಮಕ್ಕಳ ಪುಸ್ತಕ, ಕುಡಿಯುವ ನೀರು, ಬಿಡಿಭಾಗಗಳು, ಇದರಲ್ಲಿ ಯಾವುದನ್ನು ಬಿಟ್ಟು ಹೋಗುವುದು? ಆ ವೇಗಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟು, ಮೇಲೆ ಸಂಸಾರ ಹೇರಿ ಅದನ್ನೇ ಕಳೆಯುವುದು ನನಗೆ ಸರಿ ಕಾಣಲಿಲ್ಲ.

ನಮ್ಮದು ಗಿಡ್ಡ ಕೀಲ್‌ನ ಕ್ಯಾಟಮರಾನ್. ನಿಧಾನ, ಗಾಳಿಗೆ ಎದುರು ಹೋಗಲು ಸೋಮಾರಿ. ಎದುರು ಅಲೆ ಬಂದಾಗ ಎರಡು ಹಲ್‌ಗಳ ನಡುವಿನ ತಳಕ್ಕೆ ನೀರು ಧಡ್ ಅಂತ ಹೊಡೆಯುತ್ತದೆ, ಮಲಗಿದ್ದವರು ಎದ್ದು ಕೂರುವಷ್ಟು. ಕೊಳ್ಳುವ ಮುಂಚೆ ಆ ತಳ ನೀರಿನಿಂದ ಎಷ್ಟು ಎತ್ತರದಲ್ಲಿದೆ ಅಂತ ಸಾಮಾನು ತುಂಬಿದ ಮೇಲೆಯೇ ನೋಡಬೇಕು, ಖಾಲಿ ದೋಣಿ ನೋಡಿ ಪ್ರಯೋಜನವಿಲ್ಲ. ಅಗಲ 20 ಅಡಿಗೂ ಜಾಸ್ತಿ, ಹಾಗಾಗಿ ಬಹಳ ಮರೀನಾಗಳಲ್ಲಿ ಒಂದೂವರೆ ಪಟ್ಟು ಬಾಡಿಗೆ. ನಾವು ಲಂಗರು ಹಾಕಿಯೇ ಜಾಸ್ತಿ ಇರುವುದರಿಂದ ಅದು ಅಷ್ಟು ಹೊರೆಯಾಗಲಿಲ್ಲ. ನಾಲ್ಕು ಅಡಿ ನೀರಿದ್ದರೆ ತೇಲುತ್ತದೆ, ದಡದ ಹತ್ತಿರವೇ ನಿಲ್ಲಬಹುದು. ಎಂಜಿನ್ ಎರಡು, ಸರ್ವೀಸ್ ಖರ್ಚೂ ಎರಡು. ಮನೆಯಲ್ಲೇ ಎಂಜಿನಿಯರ್ ಇರದಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಾಳಿ ಜೋರಾದರೆ ಒಂಟಿ ಹಲ್‌ನದು ವಾಲಿ ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ. ಅದಕ್ಕೇ ಗಾಳಿಯ ಮೀಟರ್ ನೋಡಿ, ಬೇಕು ಅನ್ನಿಸುವ ಮೊದಲೇ ಹಾಯಿ ಕುಗ್ಗಿಸುತ್ತೇವೆ. ರಾತ್ರಿ ಅಂತೂ ಯಾವಾಗಲೂ.

ರೊಟ್ಟಿ ಈಗ ದಿನಾ ಆಗುತ್ತದೆ. ಕಟ್ಟೆಯ ಎದುರಿಗೇ ಕಿಟಕಿ, ಬೆನ್ನ ಹಿಂದೆ ಅತ್ತೆ ಕಾಳು ಸೋಸುತ್ತಾ ಕೂತಿರುತ್ತಾರೆ, ಮಗಳು ಅದೇ ಟೇಬಲ್ ಮೇಲೆ ಲೆಕ್ಕ ಮಾಡುತ್ತಾಳೆ. ಖಡಕ್ ರೊಟ್ಟಿ ಮಾತ್ರ ಸಮುದ್ರದ ಗಾಳಿಗೆ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು.

ಗಂಡ-ಹೆಂಡತಿ ಇಬ್ಬರೇ ಇದ್ದು, ಸಾಮಾನು ಕಡಿಮೆ, ಕೈಯಲ್ಲಿ ದುಡ್ಡು ಇದೆ ಅಂದರೆ ಆ ವೇಗದ ದೋಣಿ ನೋಡಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡ. ಯಾವುದನ್ನು ನೋಡಲು ಹೋದರೂ ಹಾಯಿ ಏರಿಸಿ ಹೊರಟ ಮೇಲೆ ಒಂದು ಹೊತ್ತಿನ ಪೂರ್ತಿ ಅಡುಗೆ ಮಾಡಿ ನೋಡಿ. ಮುಂಗಡ ಆಮೇಲೆ ಕೊಡಿ.