ಬಿಗಿದ ಚರ್ಮಕ್ಕೆ ಯಾವ ಅಳತೆ: ಬೆರಳೋ, ಡ್ಯೂರೋಮೀಟರೋ, ಎಲಾಸ್ಟೋಗ್ರಫಿಯೋ?

ನನಗಿರುವುದು ಸ್ಕ್ಲೀರೋಡರ್ಮಾ, ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ. ಅದನ್ನು ನೋಡುವ ರಾಯಚೂರಿನ ಡಾಕ್ಟರಿಗೆ ಯಂತ್ರವೇ ಬೇಡ. ಎರಡು ಬೆರಳಲ್ಲಿ ಚರ್ಮ ಹಿಡಿದು ಮಡಿಕೆ ಬರುತ್ತದೋ ಇಲ್ಲವೋ ನೋಡುತ್ತಾರೆ. ಮುಖ, ಎದೆ, ಹೊಟ್ಟೆ, ಆಮೇಲೆ ಎರಡೂ ಕಡೆಯ ತೋಳು, ಮುಂಗೈ, ಕೈ, ಬೆರಳು, ತೊಡೆ, ಕಾಲು, ಪಾದ: ಒಟ್ಟು 17 ಜಾಗ. ಒಂದೊಂದಕ್ಕೂ 0ಯಿಂದ 3, ಅಂಕಿ ಹೆಚ್ಚಿದಷ್ಟೂ ಬಿಗಿ ಹೆಚ್ಚು; ಗರಿಷ್ಠ 51. ಇದೇ ಮಾರ್ಪಡಿಸಿದ ರಾಡ್ನನ್ ಸ್ಕೋರ್. ಖರ್ಚಿಲ್ಲ, ಇಡೀ ಮೈ ನೋಡಿದಂತೆಯೂ ಆಯಿತು. ಆದರೆ ಡಾಕ್ಟರು ಬದಲಾದರೆ ಅಂಕಿಯೂ ಬದಲು. ಮುಂಗೈ ಸ್ವಲ್ಪ ಸಡಿಲಾಗಿದೆ ಎಂದು ನನಗೆ ಅನ್ನಿಸಿದಾಗಲೂ ಹಾಳೆಯಲ್ಲಿ ಅದೇ 2. ಊದಿಕೊಂಡ ಕೈಯೂ ಮಡಿಕೆಗೆ ಬರುವುದಿಲ್ಲ, ಗಟ್ಟಿಯಾದ ಕೈಯೂ ಬರುವುದಿಲ್ಲ.

ಡ್ಯೂರೋಮೀಟರ್ ಸಿಕ್ಕಿದ್ದು ಹೈದರಾಬಾದಿನಲ್ಲಿ. ರಬ್ಬರಿನ ಗಡಸುತನ ನೋಡಲು ಬಳಸುವ ಸಾಧನ ಅದು, ಮುಷ್ಟಿಯಲ್ಲಿ ಹಿಡಿಯಬಹುದು. ಅಡಿಯ ಮೊಂಡು ಮೊನೆಯನ್ನು ಚರ್ಮ ಎಷ್ಟು ತಡೆಯುತ್ತದೋ ಅಷ್ಟು ಮುಳ್ಳು ಏರುತ್ತದೆ. ನೋವಿಲ್ಲ, ಕ್ಷಣದ ಕೆಲಸ. ಅದನ್ನು ಕೈಯಿಂದ ಒತ್ತಬಾರದು, ತನ್ನ ಭಾರಕ್ಕೇ ಕೂರಬೇಕು. ಹಾಗಾಗಿ ಅಳೆಯುವ ಜಾಗ ಸಮತಟ್ಟಾಗಿ, ಸಡಿಲವಾಗಿ ಇರಬೇಕು. ನಾನು ಬೇಕೆಂದೇ ಮುಷ್ಟಿ ಕಟ್ಟಿದೆ, ಮುಂಗೈ ಅಂಕಿ ತಟ್ಟನೆ ಏರಿತು! ಬೆರಳಿನ ಮೇಲೆ ಇಟ್ಟರೆ ಅಡಿಯಲ್ಲೇ ಮೂಳೆ. ಅಲ್ಲಿ ಬರುವ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಮುಂಗೈ, ತೊಡೆಯಂಥ ಜಾಗಕ್ಕೆ ಚೆನ್ನಾಗಿ ಒಗ್ಗುತ್ತದೆ. ನನ್ನ ಮುಂಗೈಯ ಮಚ್ಚೆಯನ್ನೇ ಗುರುತಾಗಿಟ್ಟುಕೊಂಡರು, ಮುಂದಿನ ಸಲವೂ ಅಲ್ಲೇ ಇಡಬೇಕಲ್ಲ.

ಎಲಾಸ್ಟೋಗ್ರಫಿ ಅಂದರೆ ಅಲ್ಟ್ರಾಸೌಂಡಿನ ಅಣ್ಣ. ಚರ್ಮದೊಳಗೆ ಅಲೆ ಎಬ್ಬಿಸಿ ಅದರ ವೇಗ ನೋಡುತ್ತದೆ. ಬಿಗಿ ಹೆಚ್ಚಿದಷ್ಟೂ ಅಲೆಯ ಓಟ ಜೋರು. ಬಿಗಿಯ ಜತೆಗೆ ಚರ್ಮದ ದಪ್ಪವೂ ಪರದೆಯ ಮೇಲೆ ಕಾಣುತ್ತದೆ, ಉಳಿದೆರಡಕ್ಕೆ ಈ ಗುಣವಿಲ್ಲ. ಇಲ್ಲಿಯೂ ಹಿಡಿಯುವ ಕೈಯದೇ ತಕರಾರು: ಮೈಮೇಲೆ ಇಡುವ ಹಿಡಿಕೆಯನ್ನು (ಪ್ರೋಬ್) ಒತ್ತಿ ಹಿಡಿದರೆ ಚರ್ಮ ಇರುವುದಕ್ಕಿಂತ ಗಟ್ಟಿ ಎಂದು ತೋರಿಸುತ್ತದೆ. ನನಗೆ ಬೇಸರವಾದದ್ದು ಏಸಿ ಕೋಣೆ, ತಣ್ಣನೆಯ ಜೆಲ್. ನನಗೆ ರೇನಾಡ್ ಕೂಡ ಇದೆ, ತಣ್ಣಗಾದರೆ ಬೆರಳಿಗೆ ರಕ್ತ ಕಡಿಮೆಯಾಗುವ ತೊಂದರೆ; ಬೆರಳುಗಳು ಅಲ್ಲೇ ಬಿಳಿಚಿಕೊಂಡವು. ನಮ್ಮ ರಾಯಚೂರು ಬಿಸಿಲನ್ನು ಬೈಯುವವರು ಬೈಯಲಿ, ನನ್ನ ಬೆರಳಿಗೆ ಅದೇ ಹಿತ. ಜೆಲ್ ಬಾಟಲಿಯನ್ನು ಮೊದಲೇ ಬೆಚ್ಚಗೆ ಮಾಡಿಸಿ ಎಂದು ಕೇಳಲು ಸಂಕೋಚ ಬೇಡ.

ಔಷಧ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ನೋಡಲು ನನ್ನ ಓಟು ಡ್ಯೂರೋಮೀಟರಿಗೆ, ಅದು ನಮ್ಮೂರಲ್ಲೂ ಸಿಗುವಂತಾದರೆ. ಬೆರಳು, ಮುಖಕ್ಕೆ ಡಾಕ್ಟರ ಕೈಯೇ ಇರಲಿ, ಅದೂ ಪ್ರತಿ ಸಲ ಒಬ್ಬರದೇ. ಎಲಾಸ್ಟೋಗ್ರಫಿ ಚಿಕಿತ್ಸೆ ಶುರುವಾಗುವಾಗ, ಬದಲಾಗುವಾಗ ಸಾಕು. ಅದೊಂದಕ್ಕಾಗಿ ಮತ್ತೆ ಮತ್ತೆ ಹೈದರಾಬಾದ್ ರೈಲು ಹತ್ತುವ ತ್ರಾಣ ನನಗಿಲ್ಲ.